ಹೂಂರಾಯನ ಸುಸ್ವಾಗತ

ಸಮಸ್ತ ನಿವಾಸಿಗಳ ಗಮನಕ್ಕೆ ತರುವುದೇನೆಂದರೆ, ಬರುವ ಸೋಮವಾರ ಬೆಳಿಗ್ಗೆಯಿಂದ ನಮ್ಮ ಕಟ್ಟಡದ ಲಿಫ್ಟು ಮಾತನಾಡಲಿದೆ. ಲಿಫ್ಟು ಮಾತನಾಡುವಾಗ ನಿವಾಸಿಗಳು ಸುಮ್ಮನಿದ್ದು ಸಹಕರಿಸಬೇಕು. ಎದುರುತ್ತರ ಕೊಡತಕ್ಕದ್ದಲ್ಲ. ಮಕ್ಕಳು ಲಿಫ್ಟನ್ನು ಅಣಕಿಸತಕ್ಕದ್ದಲ್ಲ. ಧ್ವನಿಯು ಗಂಭೀರವಾದ ಗಂಡಸಿನ ಧ್ವನಿಯಾಗಿರುತ್ತದೆ. ಇತಿ, ಕಾರ್ಯದರ್ಶಿ.

ನೋಟಿಸ್ ಬೋರ್ಡಿನ ಮುಂದೆ ನಿಂತು ಇದನ್ನು ಓದಿದವರೆಲ್ಲ ನಕ್ಕರು. ಕೊನೆಯ ಸಾಲು ಓದಿ ಬೆವತವನು ಒಬ್ಬನೇ, ಲಿಫ್ಟ್ ಮೆಕ್ಯಾನಿಕ್. ಯಾಕೆಂದರೆ ಆ ಗಂಭೀರವಾದ ಗಂಡಸಿನ ಧ್ವನಿಯನ್ನು ಕೊಡಬೇಕಾದವನು ಅವನೇ. ಮತ್ತು ಅದಿನ್ನೂ ತಯಾರಿಯಲ್ಲಿತ್ತು.

ಹುಟ್ಟಿದಾಗ ನರ್ಸಮ್ಮ ಅವನನ್ನು ಎತ್ತಿ ನೋಡಿ 'ಹೆಣ್ಣು' ಅಂದಿದ್ದರು. ಮಾತು ಬಂದ ಮೇಲೆ ಅವನು 'ಅಲ್ಲ' ಅಂದ. ಆ ಅಲ್ಲ ಅಪ್ಪನಿಗೆ ಕೇಳಿಸಲಿಲ್ಲ, ಅಮ್ಮನಿಗೆ ಕೇಳಿಸಿದರೂ ಕೇಳಿಸಿಕೊಳ್ಳಲಿಲ್ಲ. ಅಕ್ಕ ಮಾತ್ರ, "ಸರಿ ಬಿಡು, ನಂಗೂ ಒಬ್ಬ ತಮ್ಮ ಬೇಕಿತ್ತು. ನನ್ನ ಹಳೇ ಫ್ರಾಕುಗಳಿಂದ ನಿಂಗೆ ಬಿಡುಗಡೆ," ಅಂದಳು. ಟ್ರಾನ್ಸ್ ಗಂಡು ಅನ್ನುವ ಮಾತು ಅವನಿಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಕೂದಲು ಬದಲಾಯಿಸಿದ, ಅಂಗಿ ಬದಲಾಯಿಸಿದ, ಊರು ಬದಲಾಯಿಸಿದ. ಬದಲಾಗದೆ ಹಟ ಹಿಡಿದು ಕೂತದ್ದು ಗಂಟಲು.

ಹಾರ್ಮೋನ್ ಇಂಜೆಕ್ಷನ್ ತಗೊಂಡರೆ ಧ್ವನಿ ತಾನಾಗಿ ಒಡೆಯುತ್ತದೆ ಎಂದು ಕೇಳಿ ಓಡಿದ್ದ. ಡಾಕ್ಟರು ರಕ್ತಪರೀಕ್ಷೆಯ ರಿಪೋರ್ಟು ನೋಡಿ ತಲೆಯಾಡಿಸಿದರು. "ನಿಮ್ಮ ರಕ್ತ ಮೊದ್ಲೇ ಗಟ್ಟಿ. ಇಂಜೆಕ್ಷನ್ ಕೊಟ್ರೆ ಇನ್ನೂ ಗಟ್ಟಿಯಾಗುತ್ತೆ. ನಿಮ್ಮ ಕೇಸಲ್ಲಿ ಬೇಡ."

ರಕ್ತ ಗಟ್ಟಿ, ಗಂಟಲು ತೆಳು. ಎರಡನ್ನೂ ಅದಲುಬದಲು ಮಾಡಿಕೊಡುವ ಅಂಗಡಿ ಎಲ್ಲೂ ಇಲ್ಲ.

ಕೊನೆಗೆ ಸಿಕ್ಕಿದವರು ಆಸ್ಪತ್ರೆಯಲ್ಲಿ ಧ್ವನಿ ತರಬೇತಿ ಕೊಡುವ ಒಬ್ಬ ಹಿರಿಯ ಹೆಂಗಸು. ಅವನು ಅವರನ್ನು ಗಂಟಲು ಟೀಚರ್ ಅನ್ನುತ್ತಿದ್ದ. ಟೀಚರ್ ನೀರು ತುಂಬಿದ ಲೋಟಕ್ಕೆ ಒಂದು ಸ್ಟ್ರಾ ಹಾಕಿ ಕೈಗಿಟ್ಟರು.

"ಊದಿ. ಊದ್ತಾ ಊದ್ತಾ ಹೂಂ ಅನ್ನಿ. ಗುಳುಗುಳು ಬರ್ಲಿ."

"ಇಷ್ಟೇನಾ?"

"ಇಷ್ಟೇ. ಆದ್ರೆ ದಿನಾ. ಎದೆ ಮೇಲೆ ಕೈಯಿಡಿ, ಅಲ್ಲಿ ನಡುಗ್ಬೇಕು. ಸ್ವರ ಇಳಿಯೋದು ಸ್ವಲ್ಪಾನೇ. ಆದ್ರೆ ಎದೆ ತುಂಬಿ ಮಾತಾಡಿದ್ರೆ ಕೇಳೋರಿಗೆ ತುಂಬಾ ಇಳಿದ ಹಾಗನ್ನಿಸುತ್ತೆ."

ಅವನಿಗೆ ಅವಸರ. ಗಂಟಲು ಒತ್ತಿ ಹಿಡಿದು ಕಪ್ಪೆಯ ಹಾಗೆ ಒಂದು ವಾಕ್ಯ ಹೊರಡಿಸಿದ. ಟೀಚರ್ ಕಿವಿ ಮುಚ್ಚಿಕೊಂಡರು.

"ನೀವು ಲಿಫ್ಟ್ ಕೆಲಸದೋರಲ್ವಾ? ಲಿಫ್ಟನ್ನ ಒದ್ದು ಕೆಳಗಿಳಿಸ್ತೀರಾ?"

"ಇಲ್ಲ."

"ಮತ್ತೆ ಗಂಟಲನ್ಯಾಕೆ ಒದೀತೀರಿ? ಒತ್ತಿದ್ರೆ ಇರೋದೂ ಹೋಗುತ್ತೆ. ಅದಾಗೇ ಇಳಿಯೋಕೆ ಬಿಡಿ. ಇನ್ನೊಂದು ವಿಷ್ಯ, ಹೆದರ್ಬೇಡಿ. ಹೆದರಿದ್ರೆ ಗಂಟಲು ಬಿಗಿಯುತ್ತೆ, ಧ್ವನಿ ಸೀದಾ ಟೆರೇಸಿಗೆ."

ತೊಡಕಿದ್ದದ್ದು ಅಲ್ಲೇ. ಧ್ವನಿ ಏರೀತೆಂದು ಹೆದರಿಕೆ, ಹೆದರಿದ್ದಕ್ಕೆ ಧ್ವನಿ ಏರಿಕೆ. ಮೇಲಕ್ಕೆ ಹೋಗುವ ಬಟನ್ ಮಾತ್ರ ಇರುವ ಲಿಫ್ಟು.

ಹೆದರಿಕೆಯೂ ಸುಮ್ಮನೆ ಬಂದದ್ದಲ್ಲ. ಹಿಂದಿನ ಊರಿನಲ್ಲಿ ಒಂದು ದಿನ ಫೋನೆತ್ತಿ 'ಹಲೋ' ಅಂದಾಗ ಆ ಕಡೆಯಿಂದ ಹೊಸ ಸೂಪರ್‌ವೈಸರ್, "ಮೇಡಂ, ಮೆಕ್ಯಾನಿಕ್ಕಿಗೆ ಕೊಡಿ," ಅಂದಿದ್ದ. "ನಾನೇ," ಅಂದ ಇವನು. ಆ ಕಡೆ ಫೋನಿಟ್ಟ ಸದ್ದಾಯಿತು. ಮಾರನೇ ದಿನ ಕೆಲಸಕ್ಕೆ ಹೋದರೆ ಅವನ ಟೂಲ್‌ಬಾಕ್ಸ್ ಗೇಟಿನ ಹೊರಗೆ ಕೂತಿತ್ತು. ಯಾರೂ ಬೈಯಲಿಲ್ಲ. ಕಿಟಕಿಯಲ್ಲಿ ನೋಡುತ್ತ ನಿಂತವರು ಯಾರೂ ಈಚೆ ಬರಲಿಲ್ಲ. ಆ ಟೂಲ್‌ಬಾಕ್ಸ್ ಈಗಲೂ ಅವನ ಕನಸಿನಲ್ಲಿ ಗೇಟಿನ ಹೊರಗೇ ಕೂರುತ್ತದೆ.

ಅದಕ್ಕೇ ಈ ಊರಿಗೆ, ಈ ಐದಂತಸ್ತಿನ ಹಳೇ ಕಟ್ಟಡದ ಲಿಫ್ಟಿಗೆ ಹೊಸ ಕಂಟ್ರೋಲ್ ಪ್ಯಾನಲ್ ಕೂರಿಸಲು ಬಂದಾಗ, ಅವನು ಒಂದೇ ಒಂದು ಮಾತು ಇಟ್ಟುಕೊಂಡು ಬಂದ. ಹೂಂ. ಸ್ಟ್ರಾ ಊದಿ ಊದಿ ಪಳಗಿದ, ಎದೆಯ ತಳದಿಂದ ಹೊರಡುವ, ಯಾರ ಮುಂದೆಯೂ ನಡುಗದ ಒಂದೇ ಮಾತು. ಕರೆಂಟ್ ಹೋಯ್ತಾ? ಹೂಂ. ಊಟ ಆಯ್ತಾ? ಹೂಂ. ಲಿಫ್ಟ್ ಯಾವಾಗ ಸರಿಹೋಗುತ್ತೆ? ಹೂಂ.

ಬಾಯಿ ಮುಚ್ಚಿಕೊಂಡವನನ್ನು ಜನ ಭಾರಿ ತೂಕದ ಮನುಷ್ಯ ಎಂದುಕೊಳ್ಳುತ್ತಾರೆ. ಕಟ್ಟಡದ ಕಾರ್ಯದರ್ಶಿ, ನಿವೃತ್ತರಾದ ಮೇಲೂ ಆಡಳಿತದಿಂದ ನಿವೃತ್ತರಾಗದ ಹಿರಿಯರು, ಅವನಿಗೆ ಹೆಸರೇ ಇಟ್ಟುಬಿಟ್ಟರು: ಹೂಂರಾಯ.

ಹಲ್ಲುಗಾರ್ತಿ ಅವನಿಗೆ ಸಿಕ್ಕಿದ್ದು ಕತ್ತಲಲ್ಲಿ. ಅವನ ಕತ್ತಲಲ್ಲ, ಅವಳದ್ದು.

ಅವಳದು ನಾಲ್ಕನೇ ಮಹಡಿಯ ಒಂದು ಕೋಣೆ. ಡೆಂಟಿಸ್ಟುಗಳು ಕಳಿಸುವ ಅಚ್ಚು ನೋಡಿ ಹಲ್ಲುಸೆಟ್ ಮಾಡಿಕೊಡುವುದು ಅವಳ ಕೆಲಸ. ಕೋಣೆಯ ತುಂಬ ಪ್ಲಾಸ್ಟರ್ ದವಡೆಗಳು, ಗುಲಾಬಿ ಮೇಣ, ಸಣ್ಣ ಸ್ಪಿರಿಟ್ ದೀಪ, ಕಿಟಕಿಯ ಅಂಚಿನಲ್ಲಿ ಸಾಲಾಗಿ ಒಣಗುತ್ತಾ ಯಾರಿಗೂ ಅಲ್ಲದೆ ನಗುವ ನಗುಗಳು. ಒಂದು ಮಧ್ಯಾಹ್ನ ಅವಳು ತಯಾರಾದ ಸೆಟ್ಟುಗಳ ಟ್ರೇ ಹಿಡಿದು ಇಳಿಯುತ್ತಿದ್ದಾಗ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ದೀಪವೂ ಆರಿತು. ಅವಳು ತಡಕಾಡಿ ಗಂಟೆಯ ಬಟನ್ ಒತ್ತಿ, ಅಲ್ಲಿನ ಮಾತಾಡುವ ಸಣ್ಣ ತೂತಿಗೆ ಬಾಯಿ ಹಚ್ಚಿದಳು. ಐದನೇ ಮಹಡಿಯ ಮೇಲೆ ಅರ್ಧ ಸಾಲು ಮೆಟ್ಟಿಲು ಹತ್ತಿದರೆ ಮೆಷಿನ್ ರೂಮು. ಅಲ್ಲಿ ಫೋನು ಬಡಿದುಕೊಂಡಿತು.

"ಯಾರಾದ್ರೂ ಇದ್ದೀರಾ? ಲೈಟ್ ಹೋಯ್ತು. ನಂಗೆ ಮುಚ್ಚಿದ ಜಾಗ ಆಗಲ್ಲ... ನಂಗೆ ಉಸಿರು..."

ಆ ಉಸಿರು ಕೇಳಿದ್ದೇ ತಡ, ಅವನಿಗೆ ಎದೆ, ಸ್ಟ್ರಾ, ಟೀಚರ್ ಎಲ್ಲ ಮರೆತುಹೋಯಿತು.

"ಇದ್ದೀನಿ, ಇದ್ದೀನಿ. ಹೆದರ್ಬೇಡಿ. ಲಿಫ್ಟ್ ಬೀಳಲ್ಲ. ಬೀಳೋದೆಲ್ಲ ಸಿನಿಮಾದಲ್ಲಿ."

"ನಿಜವಾಗ್ಲೂ?"

"ಸತ್ಯವಾಗ್ಲೂ. ಕೈಯಿಂದ ತಿರುಗಿಸಿ ಇಳಿಸ್ಬೇಕು, ಸ್ವಲ್ಪ ಹೊತ್ತು ಹಿಡಿಯುತ್ತೆ. ಅಲ್ಲೀವರೆಗೂ ಮಾತಾಡ್ತಾ ಇರಿ. ಕೈಯಲ್ಲೇನಿದೆ?"

"ಹಲ್ಲು."

"ಏನು?"

"ಹಲ್ಲು. ಒಂದು ಟ್ರೇ ಹಲ್ಲು."

"ಯಾರ್ದು?"

"ಯಾರ್ಯಾರ್ದೋ."

"ಸರಿ ಮತ್ತೆ, ನೀವೊಬ್ರೇ ಅಲ್ಲ. ಅಷ್ಟೂ ಜನ ಜೊತೆಗಿದ್ದಾರೆ. ಅದೂ ನಗ್ತಾ."

ಕತ್ತಲೊಳಗಿಂದ ಒಂದು ನಗು ಬಂತು. ಒದ್ದೆಯಾದ, ಅಳುವಿನ ಅಂಚಿಗೆ ತಾಗಿದ ನಗು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಚಕ್ರ ತಿರುಗಿಸುತ್ತಿದ್ದವನಿಗೆ, ಈ ನಗುವನ್ನು ಹೀಗೇ ಇಂಚಿಂಚಾಗಿ ಕೆಳಗಿಳಿಸಿಕೊಳ್ಳುತ್ತ ಜೀವಮಾನ ಕಳೆಯಬಹುದು ಅನ್ನಿಸಿತು.

ಓಡಿಬಂದು ಬಾಗಿಲು ತೆರೆದ. ಅವಳು ಕಣ್ಣೊರೆಸಿಕೊಂಡು ಈಚೆ ಬಂದಳು. ಅವನ ಹಿಂದೆ, ಪಕ್ಕ, ಮೆಟ್ಟಿಲ ಕಡೆ ಎಲ್ಲ ನೋಡಿದಳು.

"ಆ ಹುಡುಗಿ ಎಲ್ಲಿ?"

ಅವನೂ ತಿರುಗಿ ತನ್ನ ಹಿಂದೆ ನೋಡಿದ.

"ನನ್ನ ಜೊತೆ ಮಾತಾಡ್ತಾ ಇದ್ಲಲ್ಲ, ಆ ಹುಡುಗಿ. ಎಷ್ಟು ಒಳ್ಳೆ ಜೀವ! ನಾನವಳಿಗೆ ಥ್ಯಾಂಕ್ಸ್ ಹೇಳ್ಬೇಕು."

'ನಾನೇ' ಎಂಬ ಎರಡಕ್ಷರ ನಾಲಗೆಯ ತುದಿಯವರೆಗೆ ಬಂತು. ಅದರ ಹಿಂದೆಯೇ ಗೇಟಿನ ಹೊರಗಿನ ಟೂಲ್‌ಬಾಕ್ಸೂ ಬಂತು. ಅವನು ಎದೆಗೆ ಕೈಯಿಟ್ಟು, ಪಾತಾಳದಿಂದ ನೀರು ಸೇದುವ ಹಾಗೆ ಎರಡು ಪದ ಸೇದಿದ.

"ಹೆಡ್ ಆಫೀಸ್."

ಪ್ರೇಮದಲ್ಲಿ ಇಬ್ಬರ ನಡುವೆ ಮೂರನೆಯವರು ಬಂದು ನಿಲ್ಲುವುದುಂಟು. ಇಲ್ಲಿ ಮೂರನೆಯವಳೂ ಮೊದಲನೆಯವನೇ ಆದ.

ಮಾರನೇ ದಿನ ಅವಳು ಒಂದು ಬಿಸ್ಕತ್ತಿನ ಪೊಟ್ಟಣ ತಂದಳು. "ಹೆಡ್ ಆಫೀಸ್ ಹುಡುಗೀಗೆ ಕೊಡ್ತೀರಾ?" ಅವನು "ಹೂಂ" ಅಂದ. ಮೆಷಿನ್ ರೂಮಿನಲ್ಲಿ ಕೂತು ಒಂದೊಂದಾಗಿ ತಿಂದ. ಪ್ರತಿ ಬಿಸ್ಕತ್ತೂ ಗಂಟಲಲ್ಲಿ ಸಿಕ್ಕಿಕೊಂಡಿತು. ತಪ್ಪು ವಿಳಾಸಕ್ಕೆ ಬಂದ ಪ್ರೀತಿ ಹಾಗೇ, ಒಳಗಿಳಿಯುವುದಿಲ್ಲ.

ಮತ್ತೆ ಪೊಟ್ಟಣ ಬಂತು. ಮತ್ತೆ ಹೂಂ.

"ನಿಮ್ಮ ಹೂಂಗಳಲ್ಲಿ ವೆರೈಟಿ ಇದೆ," ಅಂದಳು ಅವಳು ಒಂದು ದಿನ, ಲಿಫ್ಟಿನ ಬಾಗಿಲಿಗೆ ಒರಗಿ. "ಒಂದು 'ಆಯ್ತು' ಹೂಂ, ಒಂದು 'ಸಾಕು ಹೋಗಿ' ಹೂಂ. ಇನ್ನೊಂದಿದೆ, ನಾನು ಬಂದಾಗ ಮಾತ್ರ ಬರೋದು. ಅದರ ಅರ್ಥ ಏನು?"

ಅವನು ಸ್ಕ್ರೂಡ್ರೈವರ್ ಕಡೆ ನೋಡಿದ. ಸ್ಕ್ರೂಡ್ರೈವರಿಗೂ ಗೊತ್ತಿರಲಿಲ್ಲ.

"ಹೂಂ," ಅಂದ.

"ಅದೇ! ಅದೇ ಅದು!" ಎಂದು ಅವಳು ಕೈತಟ್ಟಿ ನಕ್ಕಳು. ಅವನಿಗೂ ತಡೆಯಲಾಗದೆ ನಗು ಬಂತು.

ಅಲ್ಲೇ ಆದದ್ದು ಎಡವಟ್ಟು. ಹಲ್ಲುಗಾರ್ತಿಗೆ ಎದುರಿಗಿದ್ದವರ ಕಣ್ಣು ನೋಡುವ ಅಭ್ಯಾಸವಿಲ್ಲ, ಬಾಯಿ ನೋಡುತ್ತಾಳೆ. ಕೆಲಸದ ಚಾಳಿ. ಅವಳ ದೃಷ್ಟಿ ಅವನ ತುಟಿಯ ಮೇಲೆ ಬಂದು ಕೂತಿತು, ಹಗುರವಾಗಿ, ಹೊಸ ಜಾಗ ನೋಡಲು ಬಂದ ಹಕ್ಕಿಯ ಹಾಗೆ.

"ಮುಂದಿನ ಒಂದು ಹಲ್ಲು ಓರೆ ಇದೆ ನಿಮ್ದು. ಸರಿ ಮಾಡಿಸ್ಬೇಡಿ. ಚೆನ್ನಾಗಿದೆ." ಅವನ ಕಿವಿ ಬಿಸಿಯಾಯಿತು. ಅವಳು ಹೊರಟವಳು ನಿಂತು ತಿರುಗಿದಳು. "ತಮಾಷೆ ನೋಡಿ, ಹೆಡ್ ಆಫೀಸ್ ಹುಡುಗಿಗೂ ಓರೆ ಹಲ್ಲೇ. 'ಸ' ಅನ್ನುವಾಗ ಸಣ್ಣ ಸೀಟಿ ಬರುತ್ತೆ. ಸಿನಿಮಾ, ಸತ್ಯವಾಗ್ಲೂ, ಸರಿ ಮತ್ತೆ... ಎಲ್ಲಾದಕ್ಕೂ ಬಂತು. ಓರೆ ಹಲ್ಲಿದ್ರೇನೇ ಕೆಲಸ ಕೊಡೋದಾ ನಿಮ್ಮ ಕಂಪನೀಲಿ?"

ಬಿಸಿಯಾಗಿದ್ದ ಕಿವಿ ತಣ್ಣಗಾಯಿತು.

ಅವಳಿಗೆ ಅದು ರೂಢಿ. ಸೆಟ್ ಕೂರಿಸಿದ ಮೇಲೆ ಎಲ್ಲರ ಬಾಯಲ್ಲೂ 'ಸ' ಹೇಳಿಸುತ್ತಾಳೆ. ಎರಡನೇ ಮಹಡಿಯ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, "ಅಜ್ಜಿ, ಸೋಸು ಸಾಸಿವೆ ಅನ್ನಿ," ಅಂತ ಬೆಳಿಗ್ಗೆಯೆಲ್ಲ ಸತಾಯಿಸಿದ್ದನ್ನು ಅವನೇ ಕೇಳಿದ್ದ. ಸ ಸರಿಯಾಗಿ ಬಂದರೆ ಸೆಟ್ಟು ಸೆಟ್ಟಾಯಿತು ಅಂತ ಅವಳ ಲೆಕ್ಕ. ಇಂಥ ಕಿವಿಯ ಮುಂದೆ ಬಾಯಿ ತೆರೆಯುವುದು ಹೇಗೆ? ಅಂದಿನಿಂದ ಅವನು 'ಸ' ಇರುವ ಮಾತನ್ನೇ ಬಿಟ್ಟ. ಅವನ ಹತ್ತಿರ ಇದ್ದದ್ದೇ ಬೆರಳೆಣಿಕೆಯ ಮಾತು. ಅದರಲ್ಲಿ 'ಸರಿ'ಯೂ ಹೋಯಿತು, 'ಸಾರಿ'ಯೂ ಹೋಯಿತು.

ಮಧ್ಯಾಹ್ನ ಕಟ್ಟಡ ತೂಕಡಿಸುವಾಗ ಮೆಷಿನ್ ರೂಮಿನ ಬಾಗಿಲು ಹಾಕಿಕೊಂಡು ಲೋಟ ಹಿಡಿಯುತ್ತಿದ್ದ. ಗುಳುಗುಳು. ಆಕಳಿಸುವ ಹಾಗೆ ಗಂಟಲು ಸಡಿಲಿಸಿ ಒಂದು ಸಾಲು, ಎದೆಗೆ ಕೈಯಿಟ್ಟು ಒಂದು ಸಾಲು. ಅಂಗೈಗೆ ಸಣ್ಣ ಮೋಟಾರು ತಾಗಿದ ಹಾಗೆ ಎದೆ ಗುಂಯ್ ಅನ್ನಬೇಕು. ಒಂದೊಂದು ದಿನ ಅನ್ನುತ್ತಿತ್ತು. ಆಗ, ಇದು ನಾನು, ಇಷ್ಟು ದಿನ ಎಲ್ಲಿದ್ದೆಯೋ ಮಾರಾಯ, ಎಂದು ತನ್ನನ್ನು ತಾನೇ ಮಾತಾಡಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಮೆಟ್ಟಿಲಲ್ಲಿ ಯಾರದೋ ಚಪ್ಪಲಿ ಸದ್ದಾಗುತ್ತಿತ್ತು. ಧ್ವನಿ ಹಿಡಿತ ತಪ್ಪಿ ಮೇಲೆ ಹಾರುತ್ತಿತ್ತು. ಅವನು ಬಾಯಿ ಮುಚ್ಚಿ, ಉಸಿರು ಹಿಡಿದು, ಚಪ್ಪಲಿ ದೂರ ಹೋಗುವವರೆಗೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ.

ಅಕ್ಕ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು. "ಲೋ ತಮ್ಮಾ, ಸೀದಾ ಹೇಳ್ಬಿಡು."

"ಹೇಳಿದ್ರೆ ಹೋಗ್ತಾಳೆ ಅಕ್ಕಾ."

"ಹೇಳ್ದೇ ಇದ್ರೆ ಬರ್ತಾಳಾ? ಈಗ ಅವಳು ಪ್ರೀತಿ ಮಾಡ್ತಿರೋದು ಹೆಡ್ ಆಫೀಸನ್ನ. ಬಿಸ್ಕತ್ತು ತಿಂದಿದ್ದೊಂದೇ ನಿಂಗೆ ಲಾಭ."

ಅಂಥ ಹೊತ್ತಿನಲ್ಲೇ ಕಾರ್ಯದರ್ಶಿಗಳಿಗೆ ಜ್ಞಾನೋದಯವಾದದ್ದು. ಹೊಸ ಪ್ಯಾನಲ್ಲಿಗೆ ಮಾತು ತುಂಬಿಸಬಹುದು ಎಂದು ಯಾರೋ ಹೇಳಿದ್ದರು. "ಲಿಫ್ಟು ಮಾತಾಡ್ಬೇಕಪ್ಪಾ ಹೂಂರಾಯ. ನಿನ್ನ ಗಂಟಲೇ ಆಗ್ಬಹುದು. ನಿನ್ನ ಹೂಂ ಕೇಳಿದ್ರೆ ನಂಗೇ ಎದ್ದು ನಿಲ್ಲೋಣ ಅನ್ಸುತ್ತೆ."

ಬೇಡ ಅನ್ನಲು ಬಾಯಿ ತೆರೆದ. ತೆರೆದ ಬಾಯಲ್ಲೇ ಒಂದು ಯೋಜನೆ ಹೊಳೆಯಿತು.

ಲಿಫ್ಟು ಮಾತಾಡಲಿ. ಅವನ ಅತ್ಯುತ್ತಮ ಧ್ವನಿಯಲ್ಲಿ, ಎದೆ ತುಂಬಿದ ಒಂದು ಒಳ್ಳೆಯ ದಿನ ಹಿಡಿದಿಟ್ಟ ಧ್ವನಿಯಲ್ಲಿ. ಅವಳು ದಿನವೂ ಹತ್ತುವಾಗ ಇಳಿಯುವಾಗ ಕೇಳಲಿ. ಅವಳ ಕಿವಿಗೆ ಅದು ರೂಢಿಯಾಗಲಿ, ಅದೇ ಅವನ ಧ್ವನಿ ಎಂದು ಗಟ್ಟಿಯಾಗಲಿ. ಆಮೇಲೆ ಒಂದು ದಿನ ಎಲ್ಲ ಹೇಳುವುದು: ಆ ಕತ್ತಲಲ್ಲಿ ಇದ್ದವನೂ ನಾನೇ, ಇದೂ ನಾನೇ. ಅಷ್ಟರಲ್ಲಿ ಹೆಡ್ ಆಫೀಸ್ ಹುಡುಗಿ ತಾನಾಗಿ ಮಸುಕಾಗಿರುತ್ತಾಳೆ. ಹೆದರಿಕೆಗೆ ಜಾಗವೇ ಇರುವುದಿಲ್ಲ. ಎಂಥ ಯೋಜನೆ!

ಹೇಳಬೇಕಾದ ಮಾತುಗಳಲ್ಲಿ 'ಸ' ಬರದ ಹಾಗೆ ನೋಡಿಕೊಂಡ. ಮೇಲೆ ಹೋಗುತ್ತಿದೆ. ಕೆಳಗೆ ಹೋಗುತ್ತಿದೆ. ಬಾಗಿಲು ಮುಚ್ಚುತ್ತಿದೆ. ಕಾರ್ಯದರ್ಶಿ ಮೂಗು ಮುರಿದರು.

"ಮರ್ಯಾದೆ ಇಲ್ವಾ ನಿನ್ನ ಲಿಫ್ಟಿಗೆ? ಮೊದಲು 'ಸುಸ್ವಾಗತ' ಅನ್ಬೇಕು."

ಒಂದೇ ಪದದಲ್ಲಿ ಎರಡೆರಡು ಸ. ಅವನು "ಹೂಂ" ಅಂದ. 'ಸತ್ತೆ' ಅನ್ನುವ ಅರ್ಥದ ಹೂಂ ಅದು, ಹೊಸ ವೆರೈಟಿ.

ಮೆಷಿನ್ ರೂಮಿನಲ್ಲಿ ಮೈಕ್ ಇಟ್ಟು, ಸ್ಟ್ರಾ ಊದಿ, ಎದೆ ಗುಂಯ್ ಅಂದ ಮೇಲೆ ರೆಕಾರ್ಡ್ ಮಾಡಿದ. ಕಾರ್ಯದರ್ಶಿಗಳೂ ಬಿಡಲಿಲ್ಲ, ತಮ್ಮ ಸ್ವಂತ ಗುಡುಗಿನಲ್ಲಿ ಒಂದು ಸಾಲು ಸೇರಿಸಿದರು: "ಲಿಫ್ಟಿನಲ್ಲಿ ಉಗುಳುವುದು ಶಿಕ್ಷಾರ್ಹ ಅಪರಾಧ." ಅವರು ಹೋದ ಮೇಲೆ ಅವನು ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಸುಸ್ವಾಗತ. ಆಳವಾದ, ಬೆಚ್ಚಗಿನ, ಅವಸರವಿಲ್ಲದ ಧ್ವನಿ. ಆ ಆಳದಲ್ಲಿ ಸೀಟಿ ಮುಳುಗಿಯೇ ಹೋಗಿತ್ತು. ಮತ್ತೆ ಹಾಕಿದ. ಮತ್ತೆ. ಕನ್ನಡಿಯಲ್ಲಿ ಮೊದಲ ಸಲ ಸರಿಯಾದ ಅಂಗಿ ಹಾಕಿ ನೋಡಿಕೊಂಡ ದಿನ ನೆನಪಾಗಿ ಕಣ್ಣು ಮಂಜಾಯಿತು.

ಸೋಮವಾರ ಬಂತು. ಲಿಫ್ಟಿನ ಬಾಗಿಲಿಗೆ ರಿಬ್ಬನ್ ಕಟ್ಟಿತ್ತು. ಕಟ್ಟಡಕ್ಕೆ ಕಟ್ಟಡವೇ ಕೆಳಗಿಳಿದಿತ್ತು, ಮಾತಾಡುವ ಲಿಫ್ಟನ್ನು ನೋಡಲು ಎಲ್ಲರೂ ಮೆಟ್ಟಿಲಿಳಿದು ಬಂದಿದ್ದರು. ಅಜ್ಜಿ ಹೊಸ ಸೆಟ್ಟಿನಲ್ಲಿ ಮುಂದಿನ ಸಾಲಲ್ಲೇ ಇದ್ದರು. ಹಲ್ಲುಗಾರ್ತಿ ಕೈಗೆ ಅಂಟಿದ ಮೇಣ ಕೆರೆಯುತ್ತ ಅಜ್ಜಿಯ ಪಕ್ಕ ನಿಂತಿದ್ದಳು, ಅವನ ಕಡೆ ನೋಡಿ ಒಂದು ಹುಬ್ಬು ಮಾತ್ರ ಎತ್ತಿದಳು.

ಕಾರ್ಯದರ್ಶಿ ರಿಬ್ಬನ್ ಕತ್ತರಿಸಿ ಬಟನ್ ಒತ್ತಿದರು. ಬಾಗಿಲು ತೆರೆಯಿತು.

"ಸುಸ್ವಾಗತ," ಅಂದಿತು ಲಿಫ್ಟು.

ತೆಳ್ಳಗೆ. ಎತ್ತರದಲ್ಲಿ. ಎರಡು ಸಣ್ಣ ಸೀಟಿಗಳೊಂದಿಗೆ.

ಅವನು ಆ ಕ್ಷಣದಲ್ಲೇ ಎಲ್ಲವನ್ನೂ ಅರ್ಥ ಮಾಡಿಕೊಂಡ. ಆಳವೆಲ್ಲ ಹೆಡ್‌ಫೋನಿನಲ್ಲಿ ಉಳಿದಿತ್ತು. ಲಿಫ್ಟಿನೊಳಗೆ ಇದ್ದದ್ದು ಗಂಟೆ ಬಟನ್ನಿನ ಹಿಂದಿನ ನಾಣ್ಯದಗಲದ ಸ್ಪೀಕರ್. ಅದಕ್ಕೆ ಎದೆಯ ಸ್ವರ ಹಿಡಿಯುವುದೇ ಇಲ್ಲ, ತಳವನ್ನೆಲ್ಲ ಬಸಿದು ಮೇಲಿನ ಕೆನೆ ಮಾತ್ರ ಕೊಡುತ್ತದೆ. ಅದನ್ನು ಆ ತೂತಿನ ಹಿಂದೆ ಕೂರಿಸಿ ಸ್ಕ್ರೂ ಬಿಗಿದವನು ಅವನೇ. ಎಲ್ಲ ಪರೀಕ್ಷೆ ಮಾಡಿದ್ದ, ಆ ಸ್ಪೀಕರಿನಲ್ಲಿ ಕೇಳಿ ನೋಡುವುದೊಂದು ಬಿಟ್ಟು.

"ಅಯ್ಯೋ, ಇದು ಹುಡುಗಿ ಧ್ವನಿ ಅಲ್ವೇನ್ರೋ?" ಅಂದರು ಅಜ್ಜಿ, ಸ್ಪಷ್ಟವಾಗಿ.

"ಏನಯ್ಯಾ ಇದು ಹೂಂರಾಯ?" ಕಾರ್ಯದರ್ಶಿ ತಿರುಗಿದರು. "ನೀನು ಮಾತಾಡು ಅಂದ್ರೆ ಯಾರ ಕೈಲಿ ಮಾತಾಡಿಸಿದೆ? ಯಾರದಿದು ಧ್ವನಿ?"

ಎಲ್ಲರ ಮುಖ ಅವನ ಕಡೆ ತಿರುಗಿತು. ಅವನಿಗೆ ಗೇಟು ಕಂಡಿತು. ಗೇಟಿನ ಹೊರಗಿನ ಬಿಸಿಲು, ಬಿಸಿಲಲ್ಲಿ ಕೂತ ಟೂಲ್‌ಬಾಕ್ಸು. 'ಹೂಂ' ಅನ್ನಲು ಹೋದ. ಅದೂ ಬರಲಿಲ್ಲ. ಅವಳ ಕಡೆ ನೋಡಬಾರದೆಂದುಕೊಂಡೇ ನೋಡಿದ. ಅವಳು ಕೆರೆಯುವುದನ್ನು ನಿಲ್ಲಿಸಿ ಅವನ ಬಾಯಿಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತಾನಾಗಿ ಮುಚ್ಚತೊಡಗಿತು. ಒಳಗಿಂದ ಸೊಳ್ಳೆಯೊಂದು ಕೋಪ ಬಂದು ಹಾಡಿದ ಹಾಗೆ ಕೇಳಿಸಿತು: "ಲಿಫ್ಟಿನಲ್ಲಿ ಉಗುಳುವುದು ಶಿಕ್ಷಾರ್ಹ ಅಪರಾಧ."

"ಇದು ಯಾರು, ನಿಮ್ಮ ಮೊಮ್ಮಗಳಾ?" ಅಂದರು ಅಜ್ಜಿ ಕಾರ್ಯದರ್ಶಿಗಳಿಗೆ.

ಕಟ್ಟಡ ಬಿದ್ದು ಬಿದ್ದು ನಕ್ಕಿತು. "ಅಂಕಲ್, ಇನ್ನೊಂದ್ಸಲ ಹಾಕಿ!" ಎಂದು ಮಕ್ಕಳು ಕುಣಿದವು. ಕಾರ್ಯದರ್ಶಿಗಳು ಸ್ಪೀಕರನ್ನೂ ಅದರ ವಂಶವನ್ನೂ ಬೈಯತೊಡಗಿದರು. ಹೂಂರಾಯನನ್ನು ಎಲ್ಲರೂ ಮರೆತರು.

ಒಬ್ಬಳನ್ನು ಬಿಟ್ಟು.

"ನಾಲ್ಕನೇ ಫ್ಲೋರಿನ ಬಾಗಿಲು ಕಿರಗುಟ್ತಿದೆ. ಬನ್ನಿ, ನೋಡಿ," ಅಂದಳು. ಬಾಗಿಲು ಕಿರಗುಟ್ಟುತ್ತಿರಲಿಲ್ಲ. ಅವನು ಹಿಂದೆ ಹೋದ. ಲಿಫ್ಟು ಇಬ್ಬರನ್ನೂ ಒಳಗೆ ಹಾಕಿಕೊಂಡು ಮೇಲೆ ಹೊರಟಿತು.

"ಬಿಸ್ಕತ್ತು ಯಾರು ತಿಂದ್ರು?"

"ನಾನು."

"ಎಲ್ಲಾನೂ?"

"ಹೂಂ."

"ಹಾಗಾದ್ರೆ ಹೆಡ್ ಆಫೀಸಲ್ಲಿ ಯಾರೂ ಇಲ್ಲ," ಅಂದಳು.

ತಿಂಗಳುಗಟ್ಟಲೆ ಕಟ್ಟಿಟ್ಟ ಭಾಷಣವೊಂದಿತ್ತು. ಅದರ ಒಂದು ಸಾಲೂ ನೆನಪಾಗಲಿಲ್ಲ. ಗಂಟಲು ಬಿಗಿದು, ಧ್ವನಿ ಟೆರೇಸಿಗೇರಿ, ನಡುಗುತ್ತ ಬಂದದ್ದು ಇಷ್ಟೇ:

"ಆ ಹುಡುಗಿ ಇಲ್ಲ. ಯಾವತ್ತೂ ಇರ್ಲಿಲ್ಲ. ನಾನು ಗಂಡಸು. ಹುಟ್ಟಿದಾಗ ಬೇರೆ ಹೇಳಿದ್ರು, ಈ ಧ್ವನಿ ಇನ್ನೂ ಅವರ ಮಾತನ್ನೇ ಕೇಳುತ್ತೆ. ಇಂಜೆಕ್ಷನ್ ನಂಗಾಗಲ್ಲ. ದಿನಾ ಒಂದೊಂದು ಎಳೆ ಇಳಿಸ್ತಾ ಇದ್ದೀನಿ. ಅದಕ್ಕೇ ಮಾತಾಡಲ್ಲ. ಸೊಕ್ಕಲ್ಲ ಅದು. ಭಯ."

ಅವಳು ಮೊದಲ ಸಲ ಅವನ ಬಾಯಿಯನ್ನಲ್ಲ, ಕಣ್ಣನ್ನು ನೋಡಿದಳು. ಅವನಿಗೆ ಅದು ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನೀವು ನಂಗೆ ಸುಳ್ಳು ಹೇಳಿದ್ರಿ."

"ಹೂಂ."

"ಈಗ ಹೂಂ ಬೇಡ."

"ಹೇಳಿದೆ. ಸುಳ್ಳು ಹೇಳಿದೆ."

ನಾಲ್ಕನೇ ಮಹಡಿ ಬಂತು. ಅವಳು ಇಳಿದಳು. ಅವನು ಕೇಳಬಾರದೆಂದುಕೊಂಡದ್ದನ್ನು ಕೇಳಿದ. "ಯಾರಿಗಾದ್ರೂ ಹೇಳ್ತೀರಾ?"

ಅವಳು ತಿರುಗಿದಳು. ಮುಖದಲ್ಲಿ ನೋವಿತ್ತು, ಕೋಪವೂ ಇತ್ತು. "ನಾನು ಬಾಯಿ ಕೆಲಸದೋಳು. ಬಾಯಿ ಬಿಡೋ ಕೆಲಸದೋಳಲ್ಲ."

ಕೋಣೆಯ ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಬಿದ್ದದ್ದೂ ಅವನಿಗೆ ಕೇಳಿಸಿತು.

ಆಮೇಲಿನ ದಿನಗಳಲ್ಲಿ ಅವನು ಪ್ರತಿ ಬೆಳಿಗ್ಗೆ ಬೀದಿಯ ತಿರುವಿನಲ್ಲೇ ನಿಂತು ಮೊದಲು ಗೇಟಿನ ಹೊರಗೆ ನೋಡುತ್ತಿದ್ದ. ಟೂಲ್‌ಬಾಕ್ಸ್ ಇರುತ್ತಿರಲಿಲ್ಲ. ಆದರೂ ಎದೆಯ ಭಾರ ಇಳಿಯುತ್ತಿರಲಿಲ್ಲ. ಇಬ್ಬರು ಮೆಟ್ಟಿಲಲ್ಲಿ ಪಿಸುಗುಟ್ಟಿದರೆ ತನ್ನದೇ ವಿಷಯ, ಯಾರಾದರೂ ನಕ್ಕರೆ ತನ್ನನ್ನೇ. ಅವಳು ಲಿಫ್ಟು ಹತ್ತುವುದನ್ನು ಬಿಟ್ಟು ಮೆಟ್ಟಿಲಲ್ಲೇ ಓಡಾಡುತ್ತಿದ್ದಳು. ಆ ಹೆಜ್ಜೆಗಳು ನಾಲ್ಕನೇ ಮಹಡಿಯಲ್ಲಿ ನಿಂತುಬಿಡುತ್ತಿದ್ದವು, ಮೇಲೆ ಬರುತ್ತಿರಲಿಲ್ಲ.

ಸ್ಟ್ರಾ ಮಾತ್ರ ಬಿಡಲಿಲ್ಲ. ಬಿಡೋಣ ಅನ್ನಿಸಿತು ಒಂದು ದಿನ, ಯಾರಿಗೆ ಇದೆಲ್ಲ ಎಂದು. ಲೋಟ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಈ ಧ್ವನಿ ಇಳಿಸಲು ಶುರುಮಾಡಿದಾಗ ಅವಳಿರಲಿಲ್ಲ. ಕತ್ತಲಲ್ಲಿ ಯಾರೋ 'ಯಾರದು?' ಎಂದು ಕೇಳಿದರೆ 'ನಾನು' ಅನ್ನುವ ಉತ್ತರ ತನ್ನದೇ ಎದೆಯಿಂದ ಹೊರಡಬೇಕೆಂದು ಶುರುಮಾಡಿದ್ದು. ಗುಳುಗುಳು. ಹೂಂ.

ಈ ನಡುವೆ ಲಿಫ್ಟ್ ಇನ್‌ಸ್ಪೆಕ್ಟರ್ ಬಂದು ಹೋದರು. ಗಂಟೆ ಬಟನ್ನಿನ ಸ್ಪೀಕರ್ ತುರ್ತಿಗೆ ಮಾತ್ರ, ಅದರಲ್ಲಿ ಸುಸ್ವಾಗತ, ಉಪದೇಶ ಯಾವುದೂ ಕೂಡದು ಅಂದರು. ಬೋರ್ಡಿನ ಮೇಲೆ ಹೊಸ ನೋಟಿಸ್ ಬಿತ್ತು: ಸಮಸ್ತ ನಿವಾಸಿಗಳ ಗಮನಕ್ಕೆ ತರುವುದೇನೆಂದರೆ, ಲಿಫ್ಟು ಮಾತು ಬಿಟ್ಟಿದೆ. ನಿವಾಸಿಗಳು ಎಂದಿನಂತೆ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳತಕ್ಕದ್ದು.

ಅಂದು ಮಧ್ಯಾಹ್ನ ಮೆಷಿನ್ ರೂಮಿನ ಫೋನು ಬಡಿದುಕೊಂಡಿತು.

ಅವನು ಎತ್ತಿದ. ಲಿಫ್ಟು ನಿಂತಿರಲಿಲ್ಲ, ಮೋಟಾರು ಸರಾಗವಾಗಿ ತಿರುಗುತ್ತಿತ್ತು.

"ನಾನು," ಅಂದಿತು ಹಲ್ಲುಗಾರ್ತಿಯ ಧ್ವನಿ. "ನೀವೇನೂ ಮಾತಾಡ್ಬೇಡಿ. ಎದುರಿಗೆ ನಿಂತ್ರೆ ನಂಗೆ ಹೇಳೋಕಾಗಲ್ಲ, ನಿಮ್ಮ ಬಾಯಿ ನೋಡ್ತಾ ನಿಂತ್ಬಿಡ್ತೀನಿ. ಅದಕ್ಕೇ ಇಲ್ಲಿಂದ. ಹೇಳೋದು ತುಂಬಾ ಇದೆ, ಅದಕ್ಕೆ ತಳದಿಂದ ಹತ್ತಿದ್ದೀನಿ. ಕೇಳಿಸ್ತಿದೆಯಾ?"

"ಹೂಂ."

"ಸುಳ್ಳು ಹೇಳಿದ್ದಕ್ಕೆ ಕೋಪ ಇತ್ತು. ಇನ್ನೂ ಸ್ವಲ್ಪ ಇದೆ, ಅದನ್ನ ಇಟ್ಕೋತೀನಿ. ಆದ್ರೆ ಕೂತು ಯೋಚಿಸಿದೆ. ಆ ಹುಡುಗೀನ ಅಲ್ಲಿ ತಂದಿಟ್ಟಿದ್ದು ನೀವಲ್ಲ. ನಾನು. ಒಂದು ಸಣ್ಣ ತೂತಿಂದ ಧ್ವನಿ ಬಂತು, ನಾನದಕ್ಕೆ ಸೀರೆ ಉಡಿಸ್ಬಿಟ್ಟೆ. ದಿನಾ ದವಡೆ ನೋಡಿ ಮನುಷ್ಯರನ್ನ ಅಳೆಯೋಳು, ನಾನೇ ಹೀಗೆ ಎಡವಿದೆ."

ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎದುರಿನ ಪ್ಯಾನಲ್ಲಿನಲ್ಲಿ ಮಹಡಿಯ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು.

"ನಿಮ್ಮ ಧ್ವನಿ ಎಷ್ಟು ಇಳೀಬೇಕೋ ಅದು ನಿಮ್ಮಿಷ್ಟ, ನಾನು ಅಳತೆ ಪಟ್ಟಿ ಹಿಡ್ಕೊಂಡು ಬಂದಿಲ್ಲ. ಆವತ್ತು ಕತ್ತಲಲ್ಲಿ ನನ್ನ ಜೊತೆ ಒಬ್ರು ಇದ್ರು. ನನ್ನ ಭಯಕ್ಕೆ ತಮ್ಮ ಭಯ ಮರೆತೋರು. ಅವರನ್ನೇ ನಾನು ಹೆಡ್ ಆಫೀಸಲ್ಲಿ ಹುಡುಕಿದ್ದು. ಈಗ ಅಡ್ರೆಸ್ ಸಿಕ್ಕಿದೆ. ಅದಕ್ಕೇ ಹೇಳ್ತಿದ್ದೀನಿ, ನಾನು ನಿಮ್ಮನ್ನ—"

ಕಟಕ್. ಲೈನು ಸತ್ತಿತು.

ಐದನೇ ಮಹಡಿಯ ದೀಪ ಹತ್ತಿತ್ತು. ಅವನು ಫೋನೆಸೆದು ಅರ್ಧ ಸಾಲು ಮೆಟ್ಟಿಲನ್ನು ಇಳಿದನೋ ಬಿದ್ದನೋ, ಲಿಫ್ಟಿನ ಮುಂದೆ ಬಂದು ನಿಂತ. ಬಾಗಿಲು ತೆರೆದಿತ್ತು. ಅವಳು ಸ್ಪೀಕರಿಗೆ ಬಾಯಿ ಹಚ್ಚಿಕೊಂಡೇ ನಿಂತಿದ್ದಳು. ಅವನನ್ನು ಕಂಡು ಮುಖ ಕೆಂಪಾಯಿತು.

"ಏನಾಯ್ತಿದಕ್ಕೆ?"

"ಬಾಗಿಲು ತೆರೆದ್ರೆ ತುರ್ತು ಮುಗೀತು ಅಂತ. ಲೈನು ತಾನಾಗೇ ಕಟ್ಟಾಗುತ್ತೆ." ಧ್ವನಿ ಹೆದರಿ ಮೇಲೇರಿತ್ತು. ಅವನು ಅದನ್ನು ಎಳೆದು ಕೆಳಗೆ ಕೂರಿಸಲು ಹೋಗಲಿಲ್ಲ.

"ಯಾರು ಮಾಡಿದ್ದು ಈ ಏರ್ಪಾಟು?"

"ನಾನೇ. ವೈರಿಂಗ್ ನಂದೇ."

"ಮುಖ್ಯವಾದ ಮಾತೇ ಉಳಿದುಹೋಯ್ತು." ಅವಳು ಅವನ ಓರೆ ಹಲ್ಲನ್ನು ನೋಡಿದಳು, ಕಣ್ಣನ್ನು ನೋಡಿದಳು, ಯಾವುದು ನೋಡಬೇಕೆಂದು ತಿಳಿಯದೆ ನೆಲ ನೋಡಿದಳು. "ಎದುರಿಗೆ ಆಗಲ್ಲ ಅಂದ್ನಲ್ಲ. ಬನ್ನಿ, ಬಾಗಿಲು ಮುಚ್ಚಿ. ಮತ್ತೆ ಗಂಟೆ ಒತ್ತಿ ಹೇಳ್ತೀನಿ."

ಅವನು ಒಳಗೆ ಬಂದ. ಬಾಗಿಲು ಮುಚ್ಚಿತು. ಮುಚ್ಚಿದ ಜಾಗ ಆಗದವಳು ಅವನ ತೋಳು ಹಿಡಿದುಕೊಂಡು, ಇನ್ನೊಂದು ಕೈಯಿಂದ ಗಂಟೆಯ ಬಟನ್ ಒತ್ತಿ, ಆ ಕಡೆ ಯಾರಾದರೂ ಎತ್ತುವುದನ್ನೇ ಕಾಯುತ್ತ ನಿಂತಳು.

ಮೇಲೆ ಮೆಷಿನ್ ರೂಮಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತಬೇಕಾದವನು ಲಿಫ್ಟಿನೊಳಗಿದ್ದ.